ತಾಲ್ಲೂಕು ಆಸ್ಪತ್ರೆಯೋ, ಸಮುದಾಯ ಆರೋಗ್ಯ ಕೇಂದ್ರವೋ? ಅನುಭವವಿರುವ ತಜ್ಞ ವೈದ್ಯರು ದಯವಿಟ್ಟು ತಿಳಿಸಿ

ಹೊಸ ಪ್ರಸೂತಿ ತಜ್ಞೆ:

ಎಲ್ಲರಿಗೂ ನಮಸ್ಕಾರ. ಪ್ರಸೂತಿ ಮತ್ತು ಸ್ತ್ರೀರೋಗ ವಿಷಯದಲ್ಲಿ ಎಂ.ಎಸ್. ಮುಗಿಸಿ, ಕಡ್ಡಾಯ ಸರ್ಕಾರಿ ಸೇವೆಯ ವರ್ಷವನ್ನು ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಪೂರೈಸಿದ್ದೇನೆ. ಈಗ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆಯಡಿ ನನ್ನ ಮುಂದೆ ಎರಡು ಅವಕಾಶಗಳಿವೆ. ಮೊದಲನೆಯದು ನಮ್ಮೂರಿಗೆ ಹತ್ತಿರದ, 30 ಹಾಸಿಗೆಗಳ ಸಮುದಾಯ ಆರೋಗ್ಯ ಕೇಂದ್ರ. ಅಲ್ಲಿಗೆ ನಾನೊಬ್ಬಳೇ ಪ್ರಸೂತಿ ತಜ್ಞೆ; ಮಕ್ಕಳ ತಜ್ಞರ ಹುದ್ದೆ ಖಾಲಿ ಇದೆ; ಅರಿವಳಿಕೆ ತಜ್ಞರು "ಕರೆದಾಗ ಬರುತ್ತಾರೆ" ಎಂದು ತಿಳಿಸಿದ್ದಾರೆ. ಎರಡನೆಯದು ಮಲೆನಾಡಿನ 100 ಹಾಸಿಗೆಗಳ ತಾಲ್ಲೂಕು ಆಸ್ಪತ್ರೆ. ಅಲ್ಲಿ ಈಗಾಗಲೇ ಒಬ್ಬರು ಪ್ರಸೂತಿ ತಜ್ಞರಿದ್ದಾರೆ, ಆದರೆ ಸಂಬಳ ಕಡಿಮೆ, ಮನೆಯಿಂದ ಬಹಳ ದೂರ.

ಮನೆಯವರೆಲ್ಲ ಮೊದಲನೆಯದನ್ನೇ ಒಪ್ಪಿಕೊಳ್ಳಲು ಹೇಳುತ್ತಿದ್ದಾರೆ. ಸಂಬಳ, ವಸತಿ, ಮಕ್ಕಳ ಶಾಲೆ ಇವುಗಳ ಬಗ್ಗೆ ನನಗೆ ಹೆಚ್ಚಿನ ಗೊಂದಲವಿಲ್ಲ. ಕಲಿತ ಕೆಲಸವನ್ನು ಧೈರ್ಯವಾಗಿ ಮಾಡಲು ಎಲ್ಲಿ ಸಾಧ್ಯವಾಗುತ್ತದೆ, ಮತ್ತು ಸೇರುವ ಮೊದಲು ಅದನ್ನು ತಿಳಿದುಕೊಳ್ಳುವುದು ಹೇಗೆ ಎಂಬುದಷ್ಟೇ ನನ್ನ ಪ್ರಶ್ನೆ.

ಮಲೆನಾಡಿನ ಸರ್ಜನ್:

ಮೇಡಂ, ಎರಡನೆಯದಕ್ಕೆ ಹೋಗಿ ಎಂಬುದು ನನ್ನ ಸಲಹೆ. ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ.

ಬಯಲು ಸೀಮೆಯಲ್ಲಿ ಸುಮಾರು 1,20,000 ಜನರಿಗೆ, ಗುಡ್ಡಗಾಡಿನಲ್ಲಿ 80,000 ಜನರಿಗೆ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕು, ಅಲ್ಲಿ ಶಸ್ತ್ರಚಿಕಿತ್ಸಕರು, ಪ್ರಸೂತಿ ತಜ್ಞರು, ಫಿಜಿಷಿಯನ್ (ಔಷಧ ಚಿಕಿತ್ಸೆಯ ತಜ್ಞರು) ಮತ್ತು ಮಕ್ಕಳ ತಜ್ಞರು ಇರಬೇಕು ಎಂಬುದು ಕೇಂದ್ರ ಸರ್ಕಾರದ ಮಾನದಂಡ. ಕೇಂದ್ರ ಆರೋಗ್ಯ ಸಚಿವಾಲಯದ 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶಗಳ ಪ್ರಕಾರ, ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಬೇಕಾದ ಶಸ್ತ್ರಚಿಕಿತ್ಸಕರಲ್ಲಿ ಶೇ 83.2ರಷ್ಟು, ಪ್ರಸೂತಿ ತಜ್ಞರಲ್ಲಿ ಶೇ 74.2ರಷ್ಟು ಕೊರತೆ ಇತ್ತು. ಈ ಅಂಕಿಗಳನ್ನು ಕಂಡವರು ಖಾಲಿ ಕುರ್ಚಿಗೆ ಒಬ್ಬರನ್ನು ತಂದು ಕೂರಿಸಿದರೆ ಸಮಸ್ಯೆ ಬಗೆಹರಿಯಿತೆಂದು ಭಾವಿಸುತ್ತಾರೆ. ಹಾಗಾಗಿಯೇ ಅಭ್ಯರ್ಥಿ ಕೇಳಿದಷ್ಟು ಸಂಬಳ ಕೊಡುವ ವ್ಯವಸ್ಥೆಯನ್ನೂ ಆರೋಗ್ಯ ಅಭಿಯಾನದಲ್ಲಿ ತಂದರು. ಆದರೆ ಅರಿವಳಿಕೆ ಕೊಡುವವರಿಲ್ಲದ ಕಡೆ ಪ್ರಸೂತಿ ತಜ್ಞೆಯೂ, ಸರ್ಜನ್ನೂ ಇದ್ದು ಮಾಡುವುದೇನು? ಜೋಡೆತ್ತಿನ ನೊಗಕ್ಕೆ ಒಂಟೆತ್ತು ಕಟ್ಟಿ, ಉಳುಮೆ ಏಕೆ ಆಗಲಿಲ್ಲ ಎಂದು ಎತ್ತನ್ನೇ ಬೈದಂತಾಗುತ್ತದೆ.

ಒಂದು ಆಸ್ಪತ್ರೆಯನ್ನು ಪ್ರಥಮ ರೆಫರಲ್ ಘಟಕ, ಅಂದರೆ ಸಣ್ಣ ಕೇಂದ್ರಗಳು ರೋಗಿಗಳನ್ನು ಮೊದಲು ಕಳುಹಿಸುವ ಆಸ್ಪತ್ರೆ, ಎಂದು ಕರೆಯಬೇಕಾದರೆ ಹಗಲು ರಾತ್ರಿ ಸಿಸೇರಿಯನ್ ಆಗುವ ವ್ಯವಸ್ಥೆ, ನವಜಾತ ಶಿಶುವಿನ ಆರೈಕೆ ಮತ್ತು ರಕ್ತ ಶೇಖರಣಾ ಘಟಕ ಇವು ಮೂರೂ ಅಲ್ಲಿರಲೇಬೇಕು. ಇವುಗಳಲ್ಲಿ ಒಂದಿಲ್ಲದಿದ್ದರೂ ಉಳಿದೆರಡಕ್ಕೆ ಅರ್ಥವಿಲ್ಲ. ಮತ್ತೆ, ವಾರಕ್ಕೆ 168 ಗಂಟೆಗಳಿವೆ ಎಂಬುದನ್ನು ಆದೇಶ ಬರೆಯುವವರು ಮರೆಯುತ್ತಾರೆ. ಒಬ್ಬ ತಜ್ಞೆ ಇರುವ ಕಡೆ "24 ಗಂಟೆಯೂ ತಜ್ಞರ ಸೇವೆ ಲಭ್ಯ" ಎಂಬ ಫಲಕ ಹಾಕಿದರೆ, ಆ ಫಲಕ ನಿಜವಾಗುವುದು ಆಕೆ ಊಟಕ್ಕೂ ಊರಿಗೂ ಹೋಗದಿದ್ದರೆ ಮಾತ್ರ. ಆರು ತಿಂಗಳು ಹಾಗೆ ದುಡಿದು, ಏಳನೆಯ ತಿಂಗಳಲ್ಲಿ ರಾಜೀನಾಮೆ ಕೊಟ್ಟು ಹೋದ ಒಳ್ಳೆಯ ವೈದ್ಯರನ್ನು ಕಂಡಿದ್ದೇನೆ. ಅವರು ಹೋದ ಮೇಲೆ ಆ ಹುದ್ದೆ ಪುನಃ ಖಾಲಿ ಎಂದು ದಾಖಲಾಗುತ್ತದೆ, ಹೋದದ್ದೇಕೆ ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ.

ಕೆಲಸದ ಸ್ವರೂಪವನ್ನೂ ಹೇಳುತ್ತೇನೆ. ಹರ್ನಿಯಾ, ಹೈಡ್ರೋಸೀಲ್, ಅಪೆಂಡಿಕ್ಸ್ ಇವು ಕಾಲೇಜಿನಲ್ಲಿ ಕಲಿತಂತೆಯೇ ಇರುತ್ತವೆ. ಆದರೆ ಕೊನೆ ಕೊಯ್ಯಲು ಅಡಿಕೆ ಮರ ಹತ್ತಿ ಬಿದ್ದವರ ಬೆನ್ನುಹುರಿ, ಕಳೆ ಹೊಡೆಯುವ ಯಂತ್ರದ ಬ್ಲೇಡು ಸಿಡಿದು ಸೀಳಿದ ಮೊಣಕಾಲು, ಕಾಡುಹಂದಿ ತಿವಿದ ತೊಡೆ ಇವುಗಳಿಗೆ ಪ್ರತ್ಯೇಕ ವಿಭಾಗಗಳಿರುವುದಿಲ್ಲ. ಬಂದದ್ದನ್ನೆಲ್ಲ ಸರ್ಜನ್ ನೋಡಬೇಕು. ಜೊತೆಗೆ ಮರಣೋತ್ತರ ಪರೀಕ್ಷೆ, ಹಿಂದೆ ಕೆಲಸ ಮಾಡಿದ ಜಿಲ್ಲೆಯ ನ್ಯಾಯಾಲಯದಿಂದ ಬರುವ ಸಮನ್ಸ್. ಸಾಕ್ಷಿ ಹೇಳಲು ಹೋದ ದಿನ ಶಸ್ತ್ರಚಿಕಿತ್ಸೆಗಳೆಲ್ಲ ಮುಂದಕ್ಕೆ ಹೋಗುತ್ತವೆ, ಹೊರರೋಗಿ ವಿಭಾಗದ ಮುಂದೆ ಜನ ಕಾಯುತ್ತಲೇ ಇರುತ್ತಾರೆ.

ಇಷ್ಟಾದರೂ ಈ ಕೆಲಸಕ್ಕೆ ತನ್ನದೇ ಆದ ಮರ್ಯಾದೆ ಇದೆ. ಮಹಾರಾಷ್ಟ್ರದ ದೊಂಡಾಯಿಚಾ ಎಂಬ ಊರಿನ ಡಾ. ರವೀಂದ್ರನಾಥ ಟೋಂಗಾಂವ್ಕರ್ ಅವರು ಹರ್ನಿಯಾದ ಜಾಗವನ್ನು ಬಲಪಡಿಸಲು ಹೊಲಿಯುವ ದುಬಾರಿ ಮೆಶ್ (ಬಲೆ) ಬದಲಿಗೆ ಸೊಳ್ಳೆ ಪರದೆಯ ಬಟ್ಟೆಯನ್ನು ಶುದ್ಧೀಕರಿಸಿ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಬಳಸಿದಾಗ ನಕ್ಕವರಿದ್ದರು. ಉಗಾಂಡಾದಲ್ಲಿ ಅಂಥದೇ ಅಗ್ಗದ ಮೆಶ್ ಬಳಸಿ ನಡೆದ ವೈಜ್ಞಾನಿಕ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ದುಬಾರಿ ಮೆಶ್‌ಗೆ ಅದೇನೂ ಕಡಿಮೆಯಿಲ್ಲವೆಂದು ಅದರಲ್ಲಿ ಕಂಡುಬಂತು. ಸಣ್ಣ ಊರಿನಲ್ಲಿ ಕುಳಿತವರು ಯೋಚಿಸುವುದನ್ನು ನಿಲ್ಲಿಸಬೇಕಾಗಿಲ್ಲ ಎನ್ನಲು ಇದನ್ನು ಹೇಳಿದೆ.

ಅರಿವಳಿಕೆ ತಜ್ಞೆ:

ಸರ್ ಹೇಳಿದ್ದಕ್ಕೆ ನನ್ನ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ, ಏಕೆಂದರೆ "ಕರೆದಾಗ ಬರುವ" ಅರಿವಳಿಕೆ ತಜ್ಞೆಯಾಗಿ ಬಹಳ ಕಾಲ ಕೆಲಸ ಮಾಡಿದವಳು ನಾನೇ.

ಕರೆದಾಗ ಬರುವವರು ಸಾಮಾನ್ಯವಾಗಿ ಜಿಲ್ಲಾ ಕೇಂದ್ರದಲ್ಲಿ ವಾಸವಾಗಿರುತ್ತಾರೆ, ಎರಡು ಮೂರು ಖಾಸಗಿ ಆಸ್ಪತ್ರೆಗಳಿಗೂ ಹೋಗುತ್ತಿರುತ್ತಾರೆ. ಒಂದು ಕೇಸಿಗೆ ಇಷ್ಟು ಎಂದು ಹಣ ನಿಗದಿಯಾಗಿರುತ್ತದೆ, ಆ ಬಿಲ್ಲು ಪಾಸಾಗುವುದಕ್ಕೆ ತಿಂಗಳುಗಳು ಹಿಡಿಯುತ್ತವೆ. ರಾತ್ರಿ ಎರಡು ಗಂಟೆಗೆ ಮಗುವಿನ ಹೃದಯ ಬಡಿತ ಇಳಿಯುತ್ತಿದೆ ಎಂದು ನೀವು ಫೋನ್ ಮಾಡಿದಾಗ ಅವರು ಇನ್ನೊಂದು ಆಸ್ಪತ್ರೆಯ ಥಿಯೇಟರಿನಲ್ಲಿ ಇರಬಹುದು. ತುರ್ತು ಸಿಸೇರಿಯನ್ ಬೇಕೆಂದು ತೀರ್ಮಾನಿಸಿದ ಮೇಲೆ 30 ನಿಮಿಷಗಳೊಳಗೆ ಮಗು ಹೊರಬರಬೇಕು ಎಂದು ನಾವೆಲ್ಲ ಓದಿದ್ದೇವೆ, 40 ಕಿ.ಮೀ. ದೂರದಿಂದ ಕಾರಿನಲ್ಲಿ ಹೊರಟವಳಿಗೆ ಆ 30 ನಿಮಿಷ ರಸ್ತೆಯಲ್ಲೇ ಮುಗಿದುಹೋಗುತ್ತದೆ.

ಬಂದ ಮೇಲಿನ ಸಂಗತಿ ಇನ್ನೊಂದು. ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮರಗಟ್ಟಿಸುವ ಸ್ಪೈನಲ್ ಕೊಟ್ಟರೆ ಆಯಿತಲ್ಲ, ಅದಕ್ಕೇಕೆ ಇಷ್ಟು ಗಲಾಟೆ ಎಂದು ಆಡಳಿತದವರು ಕೇಳುತ್ತಾರೆ. ಸ್ಪೈನಲ್ ಹಿಡಿಯದಿದ್ದರೆ ಅಥವಾ ಮೇಲಕ್ಕೇರಿ ಉಸಿರಾಟಕ್ಕೇ ತೊಂದರೆಯಾದರೆ ಆಗ ಬೇಕಾಗುವುದು ಉಸಿರಿನ ಕೊಳವೆ ಹಾಕಲು ಗಂಟಲೊಳಗೆ ಬೆಳಕು ಬೀರುವ ಲ್ಯಾರಿಂಗೋಸ್ಕೋಪು, ಸಕ್ಷನ್, ಆಮ್ಲಜನಕ ಮತ್ತು ಪಕ್ಕದಲ್ಲಿ ನಿಲ್ಲಲು ತಿಳಿದ ಎರಡು ಕೈಗಳು. ಹೊಸ ಆಸ್ಪತ್ರೆಯ ಥಿಯೇಟರಿಗೆ ಕಾಲಿಟ್ಟರೆ ನಾನು ಮೊದಲು ಲ್ಯಾರಿಂಗೋಸ್ಕೋಪಿನ ಬ್ಲೇಡನ್ನು ಹಿಡಿಕೆಗೆ ಸಿಕ್ಕಿಸಿ ಬಿಡಿಸುತ್ತೇನೆ. ದೀಪ ಹಳದಿಯಾಗಿ ಮಿಣುಕಿದರೆ ಒಳಗಿನ ಸೆಲ್‌ಗಳು ತಿಂಗಳುಗಳಿಂದ ಅಲ್ಲೇ ಕುಳಿತಿವೆ ಎಂದು ಅರ್ಥ. ಹಿಡಿಕೆಯ ಮುಚ್ಚಳ ತಿರುಪಿದರೆ ಕೆಲವು ಸಲ ಸೆಲ್ ಸೋರಿ ಸ್ಪ್ರಿಂಗಿಗೆ ಹಸಿರು ಕಿಲುಬು ಹತ್ತಿರುತ್ತದೆ. ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಆ ಸೆಲ್‌ಗೆ ಇಂಡೆಂಟ್ ಹಾಕಿ ಕಾಯಬೇಕಾದ ಆಸ್ಪತ್ರೆಗಳಲ್ಲಿ ಲಕ್ಷಾಂತರ ಬೆಲೆಯ ಅರಿವಳಿಕೆ ಯಂತ್ರ ಪ್ಲಾಸ್ಟಿಕ್ ಹೊದಿಕೆಯೊಳಗೆ ಹೊಸದಾಗಿಯೇ ಉಳಿದಿರುತ್ತದೆ. ಇದರ ಹೊಣೆಯನ್ನು ಒಬ್ಬರ ಮೇಲೆ ಹಾಕಲಾಗದು. ಪ್ರತಿದಿನ ಆ ಥಿಯೇಟರನ್ನು ತನ್ನದೆಂದು ಭಾವಿಸಿ ತೆರೆದು ನೋಡುವ ಅರಿವಳಿಕೆ ತಜ್ಞರು ಅಲ್ಲಿಲ್ಲ, ಅಷ್ಟೇ.

ತಜ್ಞರು ಸಿಗದ ಕಡೆಗೆಂದು ಎಂ.ಬಿ.ಬಿ.ಎಸ್. ವೈದ್ಯರಿಗೆ ಜೀವರಕ್ಷಕ ಅರಿವಳಿಕೆಯ 18 ವಾರಗಳ ತರಬೇತಿಯನ್ನು ರೂಪಿಸಿದ್ದರು. ಅದರಲ್ಲಿ ಪಳಗಿದ ಕೆಲವು ವೈದ್ಯರು ನಿಜಕ್ಕೂ ಸಮರ್ಥರು, ಅವರು ಅರಿವಳಿಕೆ ಕೊಡುವ ಮೇಜಿನ ಮೇಲೆ ನನ್ನನ್ನೇ ಮಲಗಿಸಿದರೂ ನನಗೆ ಅಂಜಿಕೆಯಿಲ್ಲ. ಆದರೆ ತರಬೇತಿ ಮುಗಿಸಿದವರನ್ನು ಪ್ರಸೂತಿ ತಜ್ಞರೇ ಇಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವಾಪಸ್ಸು ಕಳುಹಿಸಿದರೆ ಕಲಿತದ್ದು ವರ್ಷದೊಳಗೆ ಕೈಬಿಟ್ಟು ಹೋಗುತ್ತದೆ. ನೀವು ಸೇರುವ ಕೇಂದ್ರದಲ್ಲಿ ಅಂಥವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿ.

ಫಿಜಿಷಿಯನ್, ಹಳೆ ಮೈಸೂರು ಭಾಗ:

ಮೇಲಿನ ಇಬ್ಬರ ಮಾತನ್ನೂ ಗೌರವದಿಂದ ಓದಿದ್ದೇನೆ, ಆದರೆ ಎಲ್ಲ ತಜ್ಞರಿಗೂ ಅದನ್ನು ಅನ್ವಯಿಸಲಾಗದು ಎಂದು ನನ್ನ ಭಿನ್ನಾಭಿಪ್ರಾಯ. ಚಾಕು ಹಿಡಿಯುವವರಿಗೆ ತಂಡ ಬೇಕೇ ಬೇಕು. ನನ್ನಂಥ ಫಿಜಿಷಿಯನ್ ಒಬ್ಬನೇ ಇದ್ದರೂ, ಬೆನ್ನಿಗೆ ಒಂದು ದೊಡ್ಡ ಆಸ್ಪತ್ರೆಯ ಫೋನ್ ಸಂಪರ್ಕವಿದ್ದರೆ, ಸಾಕಷ್ಟು ಮಾಡಬಹುದು.

ಹೃದಯಾಘಾತವನ್ನೇ ತೆಗೆದುಕೊಳ್ಳಿ. 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ಕೇಂದ್ರ ಆಸ್ಪತ್ರೆಯ ಹೃದ್ರೋಗ ತಜ್ಞರು ನೋಡಿ ಸಲಹೆ ಕೊಡುತ್ತಾರೆ. ರಕ್ತನಾಳದಲ್ಲಿನ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲಿಯೇ ಉಚಿತವಾಗಿ ಕೊಡಬಹುದು. ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಔಷಧ ಅದು. ರೋಗಿಯ ತೂಕ ನೋಡಿ ಒಂದೇ ಸಲಕ್ಕೆ ಕೊಡುವ ಇಂಜೆಕ್ಷನ್ ಆದ್ದರಿಂದ ದೊಡ್ಡ ಏರ್ಪಾಡು ಬೇಕಿಲ್ಲ. ಹಿಂದೆ ಎದೆ ಹಿಡಿದುಕೊಂಡು ಬಂದವರಿಗೆ ಮಾತ್ರೆ ಅಗಿಯಲು ಕೊಟ್ಟು ಆಂಬುಲೆನ್ಸ್ ಹತ್ತಿಸುವುದೇ ನಮ್ಮ ಚಿಕಿತ್ಸೆಯಾಗಿತ್ತು. ಈಗ ಹೆಪ್ಪು ಕರಗಿಸಿ, ನಂತರ ಆಂಜಿಯೋಗ್ರಾಂಗೆ ಕಳುಹಿಸುತ್ತೇವೆ. ಕಳೆದುಹೋಗುತ್ತಿದ್ದ ಎರಡು ಮೂರು ಗಂಟೆಗಳು ಹೀಗೆ ಉಳಿಯುತ್ತವೆ.

ಹಾವು ಕಡಿತವೂ ಹಾಗೆಯೇ. ನಮ್ಮ ರಾಜ್ಯದಲ್ಲಿ 2024ರಿಂದ ಪ್ರತಿಯೊಂದು ಹಾವು ಕಡಿತದ ಪ್ರಕರಣವನ್ನೂ ವರದಿ ಮಾಡುವುದು ಕಡ್ಡಾಯವಾಗಿದೆ. ನಾಗರಹಾವು, ಕಟ್ಟಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷ. ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ತಿಳಿಯಲು ಬೇಕಾಗುವುದು ಒಂದು ಗಾಜಿನ ನಳಿಕೆ ಮತ್ತು 20 ನಿಮಿಷ. ರಕ್ತ ಹಾಕಿ ಅಲುಗಾಡಿಸದೆ ಇಟ್ಟು, ನಂತರ ಓರೆ ಮಾಡಿದಾಗ ನೀರಿನಂತೆ ಹರಿದರೆ ಮಂಡಲದ ವಿಷ ಏರಿದೆ ಎಂದು ತಿಳಿಯಬೇಕು. ಆ ನಳಿಕೆ ಹೊಸದಾಗಿರಬೇಕು. ಸೋಪಿನ ಪುಡಿಯಲ್ಲಿ ತೊಳೆದು ಮತ್ತೆ ಬಳಸಿದ ನಳಿಕೆಯಲ್ಲಿ ಆರೋಗ್ಯವಂತನ ರಕ್ತವೂ ಹೆಪ್ಪುಗಟ್ಟದೆ ನಮ್ಮನ್ನು ದಾರಿ ತಪ್ಪಿಸಬಹುದು. ಈ ಒಂದು ವಿಷಯವನ್ನು ಪ್ರಯೋಗಾಲಯದವರಿಗೆ ಮನದಟ್ಟು ಮಾಡಿಸಿದ್ದರಿಂದ ಆದ ಉಪಯೋಗ, ನನ್ನ ಪ್ರಿಸ್ಕ್ರಿಪ್ಷನ್‌ಗಳಿಂದ ಆದದ್ದಕ್ಕಿಂತ ಕಡಿಮೆಯೇನಲ್ಲ.

ಮಲೆನಾಡಿಗೆ ಹೋಗುವ ವೈದ್ಯರಿಗೆ ಒಂದು ಎಚ್ಚರಿಕೆ: ಅಲ್ಲಿನ ತೋಟಗಳಲ್ಲಿ ಕಚ್ಚುವ ಗೂನುಮೂಗಿನ ಗುಳಿಮಂಡಲಕ್ಕೆ ಈ ಪ್ರತಿವಿಷ ಕೆಲಸ ಮಾಡುವುದಿಲ್ಲ. ಬಾಟಲಿಯ ಮೇಲೆ ಬಾಟಲಿ ಏರಿಸಿ ಸಂಗ್ರಹ ಖಾಲಿ ಮಾಡುವ ಬದಲು ಮೂತ್ರಪಿಂಡದ ಮೇಲೆ ಕಣ್ಣಿಟ್ಟಿರುವುದು ಒಳ್ಳೆಯದು.

ಆದ್ದರಿಂದ, ಒಂಟಿ ತಜ್ಞನಿಂದ ಏನೂ ಆಗುವುದಿಲ್ಲ ಎಂಬ ಮಾತನ್ನು ಸರ್ಕಾರ ಕೇಳಿಸಿಕೊಂಡು, ಸಣ್ಣ ಕೇಂದ್ರಗಳಿಂದ ಎಲ್ಲರನ್ನೂ ಎತ್ತಿ ಒಂದೆಡೆ ಗುಡ್ಡೆ ಹಾಕಿದರೆ ನನಗದು ಒಪ್ಪಿಗೆಯಲ್ಲ.

ಕರಾವಳಿಯ ಓದುಗ:

ನಾನು ವೈದ್ಯನಲ್ಲ, ಉತ್ತರ ಕನ್ನಡ ಜಿಲ್ಲೆಯವನು. ತಜ್ಞರನ್ನು ಒಂದೆಡೆ ಸೇರಿಸುವ ಮಾತು ಬಂದಾಗಲೆಲ್ಲ ನಮ್ಮ ಜಿಲ್ಲೆಯ ಜನರಿಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಬಂದ ಮೇಲೂ ಗಂಭೀರವಾದ ರೋಗಿಗಳನ್ನು ಕರೆದುಕೊಂಡು ಭಟ್ಕಳ, ಹೊನ್ನಾವರದವರು ಮಣಿಪಾಲಕ್ಕೆ, ಶಿರಸಿಯವರು ಸುಮಾರು 100 ಕಿ.ಮೀ. ದೂರದ ಹುಬ್ಬಳ್ಳಿಗೆ, ಕಾರವಾರದವರು ಗೋವಾಕ್ಕೆ ಓಡುತ್ತಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಳೆನೀರಿಗೆ ಜಾರಿ ಕಂಬಕ್ಕೆ ಬಡಿದು ನಾಲ್ವರು ಸತ್ತ ದೃಶ್ಯವನ್ನು ಇಡೀ ರಾಜ್ಯ ನೋಡಿತು. ಅದಾದ ಮೇಲೆ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಜೋರಾಯಿತು.

ನನ್ನ ಪ್ರಶ್ನೆ ಇಷ್ಟೇ. ಜೊಯಿಡಾದ ಕಾಡಿನೊಳಗಿನ ಹಳ್ಳಿಯ ಬಸುರಿ ಹೆಂಗಸಿಗೆ ಹತ್ತಿರದ ಕೇಂದ್ರದಲ್ಲಿ ಒಬ್ಬರಾದರೂ ತಜ್ಞರು ಇರುವುದು ಒಳಿತೋ, ಅಥವಾ ಎರಡು ಗಂಟೆ ದೂರದಲ್ಲಿ ನಾಲ್ವರು ಇರುವುದು ಒಳಿತೋ? ನೀವು ನಿಮ್ಮ ಕೆಲಸದ ಅನುಕೂಲವನ್ನು ನೋಡುತ್ತಿದ್ದೀರಿ. ಅದು ತಪ್ಪೆಂದು ಹೇಳುತ್ತಿಲ್ಲ. ಆದರೆ ಆ ಎರಡು ಗಂಟೆಗಳ ದಾರಿಯನ್ನು ಸವೆಸಬೇಕಾದವರು ನಾವು.

ಹಿರಿಯ ಶುಶ್ರೂಷಣಾಧಿಕಾರಿ:

ಇಷ್ಟು ಹೊತ್ತು ವೈದ್ಯರ ಬಗ್ಗೆಯೇ ಮಾತು ನಡೆದಿದೆ, ಹಾಗಾಗಿ ಬರೆಯುತ್ತಿದ್ದೇನೆ. ಪ್ರಸೂತಿ ತಜ್ಞರೂ ಅರಿವಳಿಕೆ ತಜ್ಞರೂ ಮಕ್ಕಳ ತಜ್ಞರೂ ಒಟ್ಟಿಗೆ ಇದ್ದಾರೆಂದೇ ಇಟ್ಟುಕೊಳ್ಳಿ. ರಾತ್ರಿ ಪಾಳಿಯಲ್ಲಿ ಹೆರಿಗೆ ಕೊಠಡಿಗೂ ವಾರ್ಡಿಗೂ ಸೇರಿ ಒಬ್ಬಳೇ ಸಿಸ್ಟರ್ ಇದ್ದರೆ ಥಿಯೇಟರಿನಲ್ಲಿ ಕೈ ತೊಳೆದು ಸ್ಕ್ರಬ್ ಆಗಿ ಶಸ್ತ್ರಚಿಕಿತ್ಸೆಗೆ ನೆರವಾಗುವವರು ಯಾರು? ಅವಳು ಥಿಯೇಟರಿಗೆ ಹೋದರೆ ಆಗಷ್ಟೇ ಹೆತ್ತ ಬಾಣಂತಿಯ ಹಾಸಿಗೆಯ ಕೆಳಗೆ ರಕ್ತ ಹರಿಯುತ್ತಿದೆಯೇ ಎಂದು ಹೊದಿಕೆ ಎತ್ತಿ ನೋಡುವವರು ಯಾರು? ಹೆರಿಗೆಯ ನಂತರದ ಮೊದಲ ಎರಡು ಗಂಟೆ ಬಾಣಂತಿಯನ್ನು ಬಿಟ್ಟು ಕದಲಬಾರದು ಎಂದು ನಮಗೆ ಕಲಿಸಿದ್ದಾರೆ. ಕಲಿಸಿದವರೇ ಪಾಳಿಯ ಪಟ್ಟಿಯನ್ನೂ ಬರೆದರೆ ಚೆನ್ನಾಗಿತ್ತು.

ಹೆರಿಗೆ ಕೊಠಡಿಯಲ್ಲಿ ಚೆನ್ನಾಗಿ ಪಳಗಿದ ಸಿಸ್ಟರನ್ನು ಕಣ್ಣಿನ ವಿಭಾಗಕ್ಕೋ ಲಸಿಕೆಗೋ ಬದಲಿಸುತ್ತಾರೆ, ಏನೂ ತಿಳಿಯದ ಹೊಸಬರನ್ನು ಅಲ್ಲಿಗೆ ಹಾಕುತ್ತಾರೆ. ತಜ್ಞ ವೈದ್ಯರು ಸೇರುವ ಮೊದಲು ಪ್ರಸೂತಿ ವಿಭಾಗದ ಸಿಸ್ಟರ್‌ಗಳು ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂದು ಕೇಳುವುದನ್ನು ನಾನು ಕಂಡಿಲ್ಲ. ಸಂಬಳ ಎಷ್ಟು, ಕ್ವಾರ್ಟರ್ಸ್ ಇದೆಯೇ ಎಂದು ಕೇಳುತ್ತಾರೆ. ನೀವು ಕೇಳಿ ಮೇಡಂ.

ಮಲೆನಾಡಿನ ಸರ್ಜನ್:

ಕರಾವಳಿಯ ಓದುಗರು ಎತ್ತಿದ ಪ್ರಶ್ನೆಯನ್ನು ಬದಿಗಿಡಲಾಗದು. ಎರಡು ಗಂಟೆಯ ದಾರಿ ಚಿಕ್ಕ ವಿಷಯವಲ್ಲ, ನಾನೇನೂ ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಸ್ವಾಮಿ, ಹತ್ತಿರದ ಕೇಂದ್ರದಲ್ಲಿ ಒಬ್ಬರೇ ತಜ್ಞೆ ಇದ್ದಾಗ ನಿಜವಾಗಿ ನಡೆಯುವುದು ಏನೆಂದು ಹೇಳುತ್ತೇನೆ. ಬಸುರಿಯನ್ನು ಮನೆಯವರು ನಂಬಿಕೆಯಿಂದ ಅಲ್ಲಿಗೆ ಕರೆತರುತ್ತಾರೆ. ಆಕೆ ನಾಲ್ಕು ಗಂಟೆ ನೋವು ತಿನ್ನುತ್ತಾಳೆ. ಆಮೇಲೆ ಅರಿವಳಿಕೆಯವರು ಸಿಗಲಿಲ್ಲ ಎಂದೋ, ರಕ್ತವಿಲ್ಲ ಎಂದೋ ರೆಫರ್ ಚೀಟಿ ಬರೆಯಲಾಗುತ್ತದೆ. ಆ ಎರಡು ಗಂಟೆಯ ದಾರಿಯನ್ನು ಆಕೆ ಆಗಲೂ ಸವೆಸುತ್ತಾಳೆ, ಆದರೆ ನಾಲ್ಕು ಗಂಟೆ ತಡವಾಗಿ.

ಇನ್ನೊಂದು ಸಂಗತಿಯನ್ನು ಬಿಚ್ಚಿ ಹೇಳಬೇಕು. ತಾಯಿ ಸಾವಾದರೆ ಅದರ ಪರಿಶೋಧನೆ ನಡೆಯುತ್ತದೆ, ನಡೆಯಲೇಬೇಕು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಸತ್ತು, ಅನುಮಾನ ಡ್ರಿಪ್ ದ್ರಾವಣದ ಮೇಲೆ ಬಿದ್ದಾಗ ಎಲ್ಲರಿಗೂ ಅದರ ಅಗತ್ಯ ಮನವರಿಕೆಯಾಯಿತು. ಆದರೆ ದಿನನಿತ್ಯದಲ್ಲಿ ಪರಿಶೋಧನೆಯ ಪ್ರಶ್ನೆಗಳೆಲ್ಲ ಕೊನೆಗೆ ರೋಗಿಯನ್ನು ಮುಟ್ಟಿದವರ ಕಡೆಗೇ ತಿರುಗುತ್ತವೆ. ಮುಟ್ಟದೆ ಮುಂದಕ್ಕೆ ದಾಟಿಸಿದವರನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ. ಜನರೂ ಹಾಗೆಯೇ, ವೈದ್ಯರ ಮೇಲಿನ ಹಲ್ಲೆ ತಡೆಯಲು 2009ರಿಂದ ರಾಜ್ಯದಲ್ಲಿ ಪ್ರತ್ಯೇಕ ಕಾಯ್ದೆ ಇದ್ದರೂ ರಾತ್ರಿ ಹನ್ನೆರಡಕ್ಕೆ ಐವತ್ತು ಜನ ನುಗ್ಗಿದಾಗ ಬಾಗಿಲಲ್ಲಿ ನಿಲ್ಲುವವನು ಒಬ್ಬ ವಯಸ್ಸಾದ ಕಾವಲುಗಾರ. ಹೀಗಿರುವಾಗ ಒಂಟಿಯಾಗಿರುವ ತಜ್ಞೆ ಸಣ್ಣ ಅನುಮಾನ ಬಂದರೂ ರೆಫರ್ ಮಾಡುತ್ತಾಳೆ, ಮತ್ತು ಅವಳ ಸ್ಥಾನದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಪಕ್ಕದಲ್ಲಿ ಇನ್ನೊಬ್ಬರಿದ್ದು, "ನೀವು ಶುರುಮಾಡಿ, ನಾನಿದ್ದೇನೆ" ಎಂದರೆ ಅದೇ ತಜ್ಞೆ ಅದೇ ಕೇಸನ್ನು ಅಲ್ಲಿಯೇ ಮಾಡುತ್ತಾಳೆ.

ದೂರದ ಹಳ್ಳಿಗಳ ಗರ್ಭಿಣಿಯರು ದಿನ ತುಂಬುವ ಮೊದಲೇ ಬಂದು, ಜೊತೆಗೊಬ್ಬರನ್ನು ಇರಿಸಿಕೊಂಡು ಉಳಿಯಲು ತಾಲ್ಲೂಕು ಆಸ್ಪತ್ರೆಯ ಆವರಣದಲ್ಲೇ ಒಂದು ಮನೆ ಇರಬೇಕು. ಊಟ, ನೀರು, ಶೌಚಾಲಯ ಸರಿಯಾಗಿದ್ದರೆ ಜನ ಬರುತ್ತಾರೆ. ಸಣ್ಣ ಕೇಂದ್ರಗಳಲ್ಲಿ ಸಾಮಾನ್ಯ ಹೆರಿಗೆ, ವಾರಕ್ಕೊಂದು ದಿನ ತಜ್ಞರ ತಪಾಸಣೆ, ಯಾರಿಗೆ ಅಪಾಯವಿದೆ ಎಂದು ಮೊದಲೇ ಗುರುತಿಸುವುದು ಇವು ಮುಂದುವರಿಯಬೇಕು. ಎಲ್ಲವನ್ನೂ ಒಂದೆಡೆ ಗುಡ್ಡೆ ಹಾಕಿ ಎಂದು ನಾನು ಹೇಳಿಲ್ಲ. ಫಿಜಿಷಿಯನ್ ಮಿತ್ರರ ವಿಷಯದಲ್ಲಿ ಮಾತ್ರ ನನ್ನ ಮಾತನ್ನು ತಿದ್ದಿಕೊಳ್ಳಲು ಸಿದ್ಧನಿದ್ದೇನೆ. ಫೋನಿನ ಆಚೆಗೊಬ್ಬ ಹೃದ್ರೋಗ ತಜ್ಞರು ಇರುವುದು ಒಂದು ಬಗೆಯ ತಂಡವೇ.

ಕರಾವಳಿಯ ಓದುಗ:

ಮೊದಲೇ ಬಂದು ಉಳಿಯುವ ಮನೆಯ ಮಾತು ಕಾಗದದ ಮೇಲೆ ಚೆನ್ನಾಗಿದೆ. ಮನೆಯಲ್ಲಿ ಇನ್ನೆರಡು ಮಕ್ಕಳೂ ಹಟ್ಟಿಯಲ್ಲಿ ದನವೂ ಇರುವ ಹೆಂಗಸು ಹತ್ತು ದಿನ ಮೊದಲೇ ಬಂದು ಕೂರುವುದು ಸುಲಭವಲ್ಲ. ಆ ಹತ್ತು ದಿನದ ಕೂಲಿಯನ್ನೂ ಲೆಕ್ಕ ಹಿಡಿಯಿರಿ. ಉಳಿದ ವಿಷಯದಲ್ಲಿ ನಿಮ್ಮ ಮಾತು ಅರ್ಥವಾಯಿತು.

ಹೊಸ ಪ್ರಸೂತಿ ತಜ್ಞೆ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ರೆಫರ್ ಮಾಡುವ ವಿಷಯದಲ್ಲಿ ಒಂದು ಮಾತು ಹೇಳಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ನಾನು ರೆಫರ್ ಚೀಟಿಗಳನ್ನು ಸ್ವೀಕರಿಸುವ ತುದಿಯಲ್ಲಿದ್ದೆ. "ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ" ಎಂಬ ಒಂದೇ ಸಾಲಿನ ಚೀಟಿಗಳು ಬಹಳ. ಬಸುರಿ ನಂಜಿನ ಫಿಟ್ಸ್ ಬಂದವಳಿಗೆ ಹೊರಡುವ ಮೊದಲು ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಡೋಸ್, ಅಂದರೆ ರಕ್ತನಾಳಕ್ಕೆ 4 ಗ್ರಾಂ ಮತ್ತು ಎರಡೂ ಪೃಷ್ಠಗಳಿಗೆ 5 ಗ್ರಾಂನಂತೆ, ಕೊಟ್ಟಿದ್ದಾರೋ ಇಲ್ಲವೋ ಎಂಬುದೇ ಚೀಟಿಯಲ್ಲಿ ಇರುತ್ತಿರಲಿಲ್ಲ. ಕೊಟ್ಟಿದ್ದರೆ ಮತ್ತೆ ಕೊಡುವುದು ಅಪಾಯ, ಕೊಡದಿದ್ದರೆ ಕಾಯುವುದು ಅಪಾಯ. ಮಂಡಿಯ ಪ್ರತಿಕ್ರಿಯೆ ನೋಡಿ, ಉಸಿರು ಎಣಿಸಿ, ಜೊತೆಗೆ ಬಂದ ಆಶಾ ಕಾರ್ಯಕರ್ತೆಯನ್ನು "ಸೊಂಟಕ್ಕೆ ಸೂಜಿ ಹಾಕಿದರಾ ಅಕ್ಕ?" ಎಂದು ಕೇಳಿ ತೀರ್ಮಾನಿಸಬೇಕಾಗಿತ್ತು. ಒಬ್ಬರೇ ಇರುವ ಕೇಂದ್ರದಲ್ಲಿ ನಾನು ಮಾಡಬಹುದಾದ ಕೆಲಸವೆಂದರೆ ಬಹುಶಃ ಸರಿಯಾಗಿ ಸಿದ್ಧಪಡಿಸಿ ಕಳುಹಿಸುವುದು ಮಾತ್ರ. ಅದೂ ಬೇಕಾದ ಕೆಲಸವೇ, ಆದರೆ ಅದಕ್ಕಾಗಿ ನಾನು ಮೂರು ವರ್ಷ ಎಂ.ಎಸ್. ಓದಬೇಕಾಗಿರಲಿಲ್ಲ.

ತಾಲ್ಲೂಕು ಆಸ್ಪತ್ರೆಗೆ ಒಮ್ಮೆ ಹೋಗಿ ನೋಡಿಬರಬೇಕೆಂದಿದ್ದೇನೆ. ಅಲ್ಲಿ ಏನನ್ನು ನೋಡಬೇಕು?

ಅರಿವಳಿಕೆ ತಜ್ಞೆ:

ಶಸ್ತ್ರಚಿಕಿತ್ಸೆಯ ರಿಜಿಸ್ಟರ್ ಕೇಳಿ. ತಿಂಗಳಿಗೆ ಎಷ್ಟು ಸಿಸೇರಿಯನ್ ಎಂಬ ಮೊತ್ತವನ್ನು ನೋಡಬೇಡಿ. ಆ ಸಂಖ್ಯೆಯನ್ನು ಎಲ್ಲರೂ ತೋರಿಸುತ್ತಾರೆ. ಪ್ರತಿ ಸಿಸೇರಿಯನ್‌ನ ಮುಂದೆ ಬರೆದಿರುವ ಸಮಯವನ್ನು ಬೆರಳಿಟ್ಟು ಓದುತ್ತ ಹೋಗಿ. ಎಲ್ಲವೂ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ ಆಗಿದ್ದು, ಭಾನುವಾರದ ಸಾಲುಗಳೇ ಇಲ್ಲದಿದ್ದರೆ, ಫಲಕದಲ್ಲಿ ಏನೇ ಬರೆದಿರಲಿ, ಅದು ಹಗಲಿನ ಆಸ್ಪತ್ರೆ. ಮಕ್ಕಳು ಹುಟ್ಟುವುದಕ್ಕೆ ಕಚೇರಿಯ ವೇಳೆಯಿಲ್ಲವಲ್ಲ. ಬೆಳಗಿನ ಜಾವದ ಸಾಲುಗಳು ಸಿಕ್ಕಿದರೆ ಅವುಗಳ ಮುಂದಿರುವ ಅರಿವಳಿಕೆ ಕೊಟ್ಟವರ ಸಹಿ ಒಬ್ಬರದೋ ಇಬ್ಬರದೋ ಎಂದು ನೋಡಿ.

ನಂತರ ರಕ್ತ ಶೇಖರಣಾ ಘಟಕದ ಫ್ರಿಜ್ ತೆರೆಸಿ. ಉಷ್ಣತೆ 2ರಿಂದ 6 ಡಿಗ್ರಿಯೊಳಗೆ ಇರಬೇಕು, ದಿನಕ್ಕೆ ಹಲವು ಸಲ ಅದನ್ನು ಬರೆದಿಟ್ಟಿರಬೇಕು. ಇಡೀ ವಾರದ ಅಂಕಿಗಳು ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಬರೆದಂತಿದ್ದರೆ ನಿಮಗೇ ತಿಳಿಯುತ್ತದೆ. ಒಳಗೆ ಎಷ್ಟು ಯೂನಿಟ್ ಇವೆ, ತುರ್ತಿನಲ್ಲಿ ಯಾವ ಗುಂಪಿನವರಿಗೂ ಕೊಡಬಹುದಾದ ಓ ನೆಗೆಟಿವ್ ಇದೆಯೇ, ಅವಧಿ ಮುಗಿಯಲು ಎಷ್ಟು ದಿನ ಉಳಿದಿದೆ ಎಂಬುದನ್ನು ನೋಡಿ. ಥಿಯೇಟರಿನಲ್ಲಿ ಲ್ಯಾರಿಂಗೋಸ್ಕೋಪನ್ನು ನನ್ನ ಪರವಾಗಿ ಒಮ್ಮೆ ಹೊತ್ತಿಸಿ.

ಹೊಸ ಪ್ರಸೂತಿ ತಜ್ಞೆ:

ಹೋಗಿ ಬಂದೆ. ಆಡಳಿತ ವೈದ್ಯಾಧಿಕಾರಿಗಳು ರಿಜಿಸ್ಟರನ್ನು ಸಂಕೋಚವಿಲ್ಲದೆ ಮುಂದಿಟ್ಟರು. ರಾತ್ರಿಯ ಸಿಸೇರಿಯನ್‌ಗಳಿವೆ, ಆದರೆ ಬಿಡಿ ಬಿಡಿಯಾಗಿ. ಕೆಲವು ವಾರಗಳಲ್ಲಿ ಮೂರು ನಾಲ್ಕು, ಮತ್ತೆ ಎರಡು ವಾರ ಒಂದೂ ಇಲ್ಲ. ಈಗಿರುವ ಪ್ರಸೂತಿ ತಜ್ಞರನ್ನು ಕೇಳಿದಾಗ, ಸಾಲುಗಳಿಲ್ಲದ ವಾರಗಳು ಅರಿವಳಿಕೆ ತಜ್ಞರು ರಜೆಯಲ್ಲಿದ್ದ ವಾರಗಳೆಂದು ತಿಳಿಯಿತು. ಎರಡನೆಯ ಅರಿವಳಿಕೆ ಹುದ್ದೆಗೆ ಕೇಳಿಕೆ ಹೋಗಿದೆಯಂತೆ. ಫ್ರಿಜ್‌ನ ದಾಖಲೆ ಅಚ್ಚುಕಟ್ಟಾಗಿದೆ, ಓ ನೆಗೆಟಿವ್ ಇರಲಿಲ್ಲ. ಹೆರಿಗೆ ಕೊಠಡಿಯ ಇಬ್ಬರು ಸಿಸ್ಟರ್‌ಗಳು ಅಲ್ಲಿ ಎಂಟು ವರ್ಷಗಳಿಂದ ಇದ್ದಾರೆ. ಲ್ಯಾರಿಂಗೋಸ್ಕೋಪು ಹೊತ್ತಿಕೊಂಡಿತು ಮೇಡಂ, ಬೆಳ್ಳಗೆ.

ಸೇರಬೇಕೆಂದು ಬಹುತೇಕ ತೀರ್ಮಾನಿಸಿದ್ದೇನೆ. ಎರಡನೆಯ ಅರಿವಳಿಕೆ ತಜ್ಞರು ಬರುವವರೆಗೆ ಏನು ಮಾಡುವುದು ಎಂಬುದೊಂದು ಉಳಿದಿದೆ.

ಮಲೆನಾಡಿನ ಸರ್ಜನ್:

ಸೇರುವ ದಿನವೇ ಆಡಳಿತ ವೈದ್ಯಾಧಿಕಾರಿಗಳ ಜೊತೆ ಕುಳಿತು, ಅರಿವಳಿಕೆ ತಜ್ಞರ ರಜೆಯ ದಿನಗಳ ಪಟ್ಟಿ ತಿಂಗಳ ಮೊದಲೇ ನಿಮ್ಮಿಬ್ಬರಿಗೂ, ತಾಲ್ಲೂಕಿನ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ, 108ರ ಸಿಬ್ಬಂದಿಗೂ ಲಿಖಿತವಾಗಿ ತಲುಪುವಂತೆ ಮಾಡಿಸಿ. ಆ ದಿನಗಳಲ್ಲಿ ಅಪಾಯವಿರುವ ಬಸುರಿಯರು ನಿಮ್ಮಲ್ಲಿಗೆ ಬಂದು ನಾಲ್ಕು ಗಂಟೆ ಕಳೆಯದೆ ನೇರವಾಗಿ ಜಿಲ್ಲಾ ಆಸ್ಪತ್ರೆಗೆ ಹೋಗುತ್ತಾರೆ. ಪಕ್ಕದ ತಾಲ್ಲೂಕಿನ ಅರಿವಳಿಕೆ ತಜ್ಞರ ಜೊತೆ ರಜೆಗಳನ್ನು ಅದಲುಬದಲು ಮಾಡಿಕೊಳ್ಳುವ ಏರ್ಪಾಡನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಮಟ್ಟದಲ್ಲಿ ಮಾಡಿಸಲು ಸಾಧ್ಯ; ಬಾಯಿಮಾತಿನಲ್ಲಿ ಬಿಡದೆ ಆದೇಶವಾಗಿಯೇ ಪಡೆಯಿರಿ. ನಿಮ್ಮ ವಾರದ ರಜೆಯನ್ನೂ ಅದೇ ಕಾಗದದಲ್ಲಿ ಬರೆಸಿಕೊಳ್ಳಿ. ಓ ನೆಗೆಟಿವ್ ಎರಡು ಯೂನಿಟ್ ಸದಾ ಇರುವಂತೆ ನಿಮ್ಮ ಘಟಕಕ್ಕೆ ರಕ್ತ ಪೂರೈಸುವ ಮಾತೃ ರಕ್ತನಿಧಿಗೆ ಕೇಳಿಕೆ ಕಳುಹಿಸುವುದು ಮೊದಲ ವಾರದ ಕೆಲಸವಾಗಲಿ. ಅವಧಿ ಮುಗಿಯುವ ಮೊದಲೇ ಅದನ್ನು ಹಿಂತಿರುಗಿಸಿ ಹೊಸದನ್ನು ತರಲು ಯಾರನ್ನು ಕಳುಹಿಸುವುದು, ಯಾವ ವಾಹನದಲ್ಲಿ ಎಂಬುದನ್ನೂ ಆಗಲೇ ತೀರ್ಮಾನಿಸಿ, ಏಕೆಂದರೆ ನಮ್ಮಲ್ಲಿ ಅದು ನಿಂತುಹೋಗುವುದು ವಾಹನದ ಡೀಸೆಲ್ ಬಿಲ್ಲಿನ ಕಾರಣಕ್ಕೇ.